ಗೋಡೆಯ ಮೇಲಿನ ಗಾಜು

ಸೋಮವಾರ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಸರ್ಕಾರಿ ಶಾಲೆಯ ಹೆಡ್‌ಮಿಸ್ ಠಾಣೆಗೆ ಬಂದು, ಒಡೆದ ಗಾಜನ್ನು ಯಾರೋ ಸರಿಮಾಡಿಬಿಟ್ಟಿದ್ದಾರೆ ಎಂದು ದೂರು ಕೊಟ್ಟರು. ಒಡೆದವರ ಮೇಲೆ ದೂರು ಬರುವುದುಂಟು. ಸರಿಮಾಡಿದವರ ಮೇಲೆ ಬಂದದ್ದು ಇದೇ ಮೊದಲು. ಕಾನ್‌ಸ್ಟೇಬಲ್ ನಗು ತಡೆದುಕೊಂಡ. ಕೂತಲ್ಲಿ ನಿಂತಲ್ಲಿ ಹೊತ್ತು ಬರೆದುಕೊಳ್ಳುವ ಅವನಿಗೆ ಠಾಣೆಯಲ್ಲಿ ಗಡಿಯಾರ ಎಂದೇ ಹೆಸರು. ಇನ್‌ಸ್ಪೆಕ್ಟರ್ ನಗಲಿಲ್ಲ.

ಮೂರನೇ ತರಗತಿಯ ಗೋಡೆ ಬಿರುಕು ಬಿಟ್ಟಿತ್ತು. ಚುನಾವಣೆಗೆ ಬಂದವರು ಭರವಸೆ ಕೊಟ್ಟು ಹೋದರು, ಗೆದ್ದ ಮೇಲೆ ಸರ್ಕಾರ ಹಣವಿಲ್ಲವೆಂದು ಕೈಯೆತ್ತಿತು. ಹೆಡ್‌ಮಿಸ್ ಬಿಡುವ ಪೈಕಿಯಲ್ಲ, ಕೋರ್ಟಿನ ಮೆಟ್ಟಿಲೇರಿದರು. ಕೋರ್ಟು ಬಿರುಕಿನ ಅಡ್ಡಕ್ಕೆ ಗಾಜಿನ ಪಟ್ಟಿ ಅಂಟಿಸಲು ಹೇಳಿತು. ಗೋಡೆ ಸರಿದರೆ ಗಾಜು ಒಡೆಯುತ್ತದೆ; ಒಡೆದರೆ ಸರ್ಕಾರ ಹೊಸ ಕಟ್ಟಡ ಕಟ್ಟಿಸಿಕೊಡಲೇಬೇಕು. ಶುಕ್ರವಾರ ಸಂಜೆ ನಾಲ್ಕಕ್ಕೆ ಅದು ಒಡೆದದ್ದನ್ನು ಹೆಡ್‌ಮಿಸ್ ಕಣ್ಣಾರೆ ಕಂಡಿದ್ದರು. ಈಗ ಇಡಿಯಾಗಿತ್ತು. ಬುಧವಾರ ಕೋರ್ಟಿನವರು ಬಂದು ಇದನ್ನೇ ನೋಡಿ ಹೋದರೆ, ನಲವತ್ತು ಮಕ್ಕಳು ಅದೇ ಗೋಡೆಯಡಿ ಕೂರಬೇಕು.

ಎಫ್‌ಐಆರ್ ದಾಖಲಾಯಿತು. ಹನ್ನೊಂದು ಹತ್ತಕ್ಕೆ ಇಬ್ಬರು ಪಂಚರ ಮುಂದೆ ಪಂಚನಾಮೆ ಶುರುವಾಯಿತು. ಗಾಜು ಅಂಟಿಸಿದ್ದ ಎಂಜಿನಿಯರ್ ಅಂದು ತೆಗೆದ ಫೋಟೊ ತಂದಿದ್ದ. ಅದರಲ್ಲಿ ಗಾಜಿನ ತುದಿಗಳಿಗೆ ಮೆತ್ತಿದ ಪ್ಲಾಸ್ಟರ್ ಅಡ್ಡಾದಿಡ್ಡಿ, ಮೇಲೊಂದು ಹೆಬ್ಬೆರಳ ಗುರುತು. ಗೋಡೆಯಲ್ಲಿದ್ದ ಪ್ಲಾಸ್ಟರ್ ನುಣುಪಾಗಿತ್ತು, ನಾಲ್ಕೂ ಅಂಚನ್ನು ಓರೆಯಾಗಿ ಸವರಲಾಗಿತ್ತು. ಮೊಳೆಯಲ್ಲಿ ಗೀರಿದ ದಿನಾಂಕ ಮಾತ್ರ ಅದೇ.

"ಇಷ್ಟು ನೀಟಾಗಿ ನನಗೆ ಬರಲ್ಲ ಸಾರ್," ಎಂದು ಎಂಜಿನಿಯರ್ ಒಪ್ಪಿಕೊಂಡ.

ಇನ್‌ಸ್ಪೆಕ್ಟರ್ ಕಿಟಕಿಯ ಕಟ್ಟೆಯ ಮೇಲೆ ಕೈಯಾಡಿಸಿದರು. ಅದೇ ಓರೆ ಅಂಚು. ಬಾಗಿಲ ಮೆಟ್ಟಿಲಿಗೂ ಅದೇ. ಈ ಶಾಲೆ ಕಟ್ಟಿದ್ದು ಯಾರು ಎಂದು ಕೇಳಿದರು.

ಮೇಸ್ತ್ರಿಯ ಮನೆ ಎರಡು ಬೀದಿ ಆಚೆ. ಎಪ್ಪತ್ತು ದಾಟಿದ ಮುದುಕ; ಮೊಮ್ಮಗಳೂ ಇದೇ ಶಾಲೆಗೆ ಬರುತ್ತಾಳೆಂದು ಹೆಡ್‌ಮಿಸ್ ಹೇಳಿದ್ದರು. ಭಾನುವಾರಗಳಲ್ಲಿ ಶಾಲೆಯ ರಿಪೇರಿಯನ್ನು ಪುಕ್ಕಟೆ ಮಾಡುತ್ತಿದ್ದುದರಿಂದ ಬೀಗದ ಕೈ ಅವನ ಬಳಿಯೇ ಇತ್ತು.

"ಶಾಲೆ ನೀವೇ ಕಟ್ಟಿದ್ದಂತೆ?"

"ಒಂದೊಂದು ಇಟ್ಟಿಗೇನೂ."

"ಮೊಮ್ಮಗಳು ಎಷ್ಟನೇ ಕ್ಲಾಸು?"

"ಮೂರು."

"ಯಾವ ಕೋಣೇಲಿ ಕೂರ್ತಾಳೆ?"

ಮುದುಕ ಒಳಗೆ ಹೋಗಿ ಕರಣೆಯ ಚೀಲ ತಂದು, ಬಟ್ಟೆಯಲ್ಲಿ ಸುತ್ತಿಟ್ಟ ಒಡೆದ ಗಾಜನ್ನು ಮೇಜಿನ ಮೇಲಿಟ್ಟ. ಹೆಬ್ಬೆರಳ ಗುರುತಿನ ಪ್ಲಾಸ್ಟರ್ ಚೂರೂ ಜೊತೆಗಿತ್ತು.

"ನನ್ನ ಗೋಡೆ ಬೀಳುತ್ತೆ ಅಂತ ಕೋರ್ಟಲ್ಲಿ ಬರೀತಾರಂತೆ. ಅದನ್ನ ಹೇಗೆ ನೋಡ್ಕೊಂಡಿರಲಿ ಸಾರ್?"

ಎರಡು ಇಪ್ಪತ್ತೈದಕ್ಕೆ ಬಂಧನ ಎಂದು ಗಡಿಯಾರ ಬರೆದುಕೊಂಡ. ಕದ್ದವರನ್ನೂ ಹೊಡೆದವರನ್ನೂ ಹಿಡಿದು ಇನ್‌ಸ್ಪೆಕ್ಟರಿಗೆ ಅಭ್ಯಾಸವಿತ್ತು. ತನ್ನ ಕೆಲಸದ ಮೇಲಿನ ಅಭಿಮಾನಕ್ಕೆ ತಪ್ಪು ಮಾಡಿದವನನ್ನು, ಆ ಅಭಿಮಾನದ ಗುರುತಿನಿಂದಲೇ ಹಿಡಿದದ್ದು ಇದೇ ಮೊದಲು. ಇಂಥ ಕೈಗೆ ಬೇಡಿ ಹಾಕಿಸಲು ಅವರಿಗೆ ಮನಸ್ಸು ಬರಲಿಲ್ಲ.

ಅವರು ಪಂಚನಾಮೆ ತೆರೆದು, ಎಂಜಿನಿಯರ್ ಬರೆಸಿದ ಸಾಲನ್ನು ಎರಡು ಸಲ ಓದಿ ಹೇಳಿದರು: ಪಕ್ಕದ ಹೊಸ ಚರಂಡಿಯ ನೀರಿಗೆ ಪಾಯದ ಕೆಳಗಿನ ಮಣ್ಣು ಕುಸಿದಿದೆ; ಗೋಡೆಯ ಕೆಲಸದಲ್ಲಿ ದೋಷವಿಲ್ಲ. ಮುದುಕ ಕನ್ನಡಕ ಹಾಕಿಕೊಂಡು ಆ ಸಾಲಿನ ಮೇಲೆ ಬೆರಳಿಟ್ಟ.

"ಇದೂ ಕೋರ್ಟಿಗೆ ಹೋಗುತ್ತಾ?"

"ಹೋಗುತ್ತೆ."

"ಹಾಗಾದ್ರೆ ಕೆಡವಲಿ," ಎಂದು ಮುದುಕ ಎದೆ ಸೆಟೆಸಿ ಜೀಪು ಹತ್ತಿದ.