ಮುಳುಗಿದ ಐದು ದೋಣಿಗಳು

ಶನಿವಾರ ಬೆಳಿಗ್ಗೆ ಏಳೂ ನಲವತ್ತಕ್ಕೆ ಕೆರೆದಂಡೆಯ ರೆಸಾರ್ಟಿನ ಮಾಲೀಕ ಠಾಣೆಗೆ ಬಂದ. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಆರು ದೋಣೀಲಿ ಐದನ್ನ ಯಾರೋ ಮುಳುಗಿಸಿದಾರೆ ಮೇಡಂ. ನಾಳೆ ಭಾನುವಾರ. ಅರ್ಧ ಪಟ್ಟಣ ನನ್ನ ದಡದಲ್ಲಿರುತ್ತೆ."

ಎಫ್‌ಐಆರ್ ಬರೆಸಿ, ಇನ್ಸ್‌ಪೆಕ್ಟರ್ ಒಂಬತ್ತಕ್ಕೆಲ್ಲ ದಡದಲ್ಲಿದ್ದರು. ಅಲ್ಲಿ ಸೊಂಟದುದ್ದ ನೀರು. ಐದೂ ದೋಣಿಗಳ ತಳದ ಬಿರಡೆ ಕಿತ್ತು, ಒಳಗೆ ಕಲ್ಲು ಹೇರಲಾಗಿತ್ತು. ಆದರೆ ಹಗ್ಗ ಗೂಟಕ್ಕೆ ಭದ್ರವಾಗಿತ್ತು. ಲೈಫ್ ಜಾಕೆಟ್ಟು, ಹುಟ್ಟುಗಳು ಒದ್ದೆಯಾಗದಂತೆ ಮೆಟ್ಟಿಲ ಮೇಲೆ ಸಾಲಾಗಿ ಕೂತಿದ್ದವು.

"ಹಾಳು ಮಾಡೋನು ಇಷ್ಟು ಅಚ್ಚುಕಟ್ಟಾ?" ಎಂದ ಪೇದೆ. "ನಮ್ಮನೇಲಿ ಬಟ್ಟೆನೂ ಹೀಗೆ ಜೋಡಿಸಿಡಲ್ಲ."

ಹತ್ತೂಕಾಲಿಗೆ ಪಂಚರ ಎದುರು ಒಂದೊಂದಾಗಿ ಮೇಲೆಳೆದರು. ಹೊಸ ನೀಲಿ ಬಣ್ಣ ಮಿರಮಿರ ಎನ್ನುತ್ತಿತ್ತು. ಪೇದೆ ತಳದ ಹಲಗೆಯನ್ನು ಪೆನ್ನಿನಿಂದ ಒತ್ತಿದ. ಪೆನ್ನು ಅರ್ಧ ಒಳಗೆ ಹೋಯಿತು. ಐದರದೂ ಅದೇ ಪಾಡು. ತೇಲುತ್ತಿದ್ದ ಆರನೆಯದು ಮಾತ್ರ ಗಟ್ಟಿ. ಪಂಚನಾಮೆಯಲ್ಲಿ ಅದನ್ನೂ ಬರೆಸಿದರು.

"ಸಣ್ಣಪುಟ್ಟ ರಿಪೇರಿ... ಸೀಸನ್ ಮುಗಿದ ಮೇಲೆ..." ಮಾಲೀಕ ಅತ್ತಿಂದಿತ್ತ ಓಡಾಡುತ್ತ ಮಾತು ನುಂಗಿದ. ಅವನ ಫೋನು ಬಡಿದುಕೊಳ್ಳುತ್ತಲೇ ಇತ್ತು.

ಯಾವುದು ಕೊಳೆತಿದೆ, ಯಾವುದು ಇಲ್ಲ ಎಂದು ಬಲ್ಲವನು ದಿನಾ ಹುಟ್ಟು ಹಾಕುವವನೇ. ರೆಸಾರ್ಟಿನ ದೋಣಿ ನಡೆಸುವ ಮುದುಕ ಮೆಟ್ಟಿಲ ಮೇಲೆ ಬೆಳಗಿನಿಂದ ಏಳುವುದು, ಕೂರುವುದು ಮಾಡುತ್ತಿದ್ದ.

"ನೀವೇನಾ ಯಜಮಾನ್ರೇ?" ಇನ್ಸ್‌ಪೆಕ್ಟರ್ ಅವನನ್ನು ಕೇಳಿದರು.

"ಹೂಂ ತಾಯಿ."

"ಯಾವಾಗ?"

"ಬೆಳಕು ಹರಿಯೋ ಹೊತ್ತಿಗೆ."

"ಇವರಿಗೆ ಹೇಳಬಾರದಿತ್ತಾ?"

"ಮೂರು ಸಲ ಹೇಳಿದೆ. ಬಣ್ಣ ತಂದ್ಕೊಟ್ರು."

ಉಳಿದದ್ದನ್ನು ತಾನಾಗಿಯೇ ಹೇಳಿದ. ಹೋದ ಭಾನುವಾರ ನಡುನೀರಿನಲ್ಲಿ, ದೋಣಿಯೊಳಗೆ ಪಾದ ಮುಳುಗುವಷ್ಟು ನೀರು ಬಂತು. ಮಗುವೊಂದು ಅದರಲ್ಲಿ ಕಾಲು ಬಡಿದು ಕೇಕೆ ಹಾಕಿತು. ತಾಯಿ ನಗುತ್ತ ಫೋಟೊ ತೆಗೆದಳು.

"ನಾನು ದಡ ಎಷ್ಟು ದೂರ ಇದೆ ಅಂತ ನೋಡ್ತಾ ಇದ್ದೆ."

ಹನ್ನೊಂದೂವರೆಗೆ ದಸ್ತಗಿರಿ ಆಯಿತು. ಜೀಪು ಹತ್ತುವ ಮುಂಚೆ ಮುದುಕ ನಿಂತ.

"ದೋಣಿಗಳು?"

"ಜಪ್ತಿ ಮಾಡಿದೀವಿ," ಎಂದರು ಇನ್ಸ್‌ಪೆಕ್ಟರ್. "ಕೇಸು ಮುಗಿಯೋವರೆಗೂ ನೀರಿಗಿಳಿಸೋ ಹಾಗಿಲ್ಲ."

"ಬೇಗ ಮುಗಿಯುತ್ತಾ?"

ಪೇದೆ ನಕ್ಕ. "ಬೇಗನಾ? ಇಪ್ಪತ್ತು ವರ್ಷದ ಸರ್ವೀಸಲ್ಲಿ ನಾನಂತೂ ನೋಡಿಲ್ಲ ತಾತ."

ಮುದುಕ ಒಳಗೆ ಹತ್ತಿ, ಬೆನ್ನು ಒರಗಿಸಿ, ಕದಲದೆ ಕೂತ.