ಖಡಕ್ ರೊಟ್ಟಿ, ಸೊಟ್ಟ ಹಲ್ಲು

ಕಟುಂ ಕಟುಂ. ಸಪ್ನಾ ಮೂರನೆಯ ಖಡಕ್ ರೊಟ್ಟಿ ಅಗಿಯುತ್ತಿದ್ದಳು. ದವಡೆ ನೋಯುತ್ತಿತ್ತು, ಆದರೂ ಬಿಡಲಿಲ್ಲ. ಸೋಮವಾರ ಐದನೇ ಕ್ಲಾಸಿನ ಗ್ರೂಪ್ ಫೋಟೋ. ಅಷ್ಟರೊಳಗೆ ತನ್ನ ಸೊಟ್ಟ ಹಲ್ಲು ನೆಟ್ಟಗಾಗಬೇಕಿತ್ತು.

"ಏನವ್ವಾ, ಇವತ್ತ ಭಾಳ ಹಸದೀಯಲ್ಲ?" ಅಂದಳು ಅಜ್ಜಿ ಕಾಶೆವ್ವ.

"ನೀನ ಹೇಳಿದ್ದಿಲ್ಲಾ ಆಯಿ? ಚಾದಾಗ ಬಿಸ್ಕೀಟ್ ಅದ್ದಿ ತಿಂದ್ರ ಹಲ್ಲ ಸೊಟ್ಟ ಆಗ್ತಾವ ಅಂತ."

"ಮತ್ತ? ನಾವು ರೊಟ್ಟಿ, ಕಬ್ಬು ಕಡದವರು. ನಮ್ಮ ಹಲ್ಲು ಮುತ್ತಿನಂಗ ಇದ್ವು." ಅಜ್ಜಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಅವಳು ನಗುವುದೇ ಹಾಗೆ.

ಸಪ್ನಾ ನಗುವಾಗ ಕೈ ಅಡ್ಡ ಹಿಡಿಯುತ್ತಿದ್ದಳು. ಈಗ ನಗು ಬರಲಿಲ್ಲ, ಅಳು ಬಂತು. ತಪ್ಪೆಲ್ಲ ತನ್ನದೇ. ಎಷ್ಟು ಬಿಸ್ಕೀಟು ತಿಂದಿದ್ದಳೋ ಏನೋ.

ಮರುದಿನ ಶನಿವಾರ. ಮಸಗುಪ್ಪಿ ಶಾಲೆಯಲ್ಲಿ ರೂಪಾಲಿ ಟೀಚರ್ ಟೇಬಲ್ ಮೇಲೆ ಒಂದು ದವಡೆ ಇಟ್ಟರು.

"ಖರೇದ್ದೇನ್ರಿ?" ತೇಜಸ ಹಿಂದೆ ಸರಿದ.

"ಪ್ಲಾಸ್ಟರಿಂದು. ಸಾವಿರಾರು ವರ್ಷದ ಹಿಂದಿನ ದವಡಿ ನೋಡಿ ಮಾಡಿದ್ದು. ಆಗಿನ ಮಂದಿ ಗಡಸು ಊಟ ಅಗೀತಿದ್ರು. ಸಣ್ಣಾಂಗಿಂದ ಅಗದ ಅಗದ ದವಡಿ ಅಗಲ ಬೆಳೀತಿತ್ತು, ಹಲ್ಲಿಗೆ ಜಾಗಾ ಸಿಗತಿತ್ತು. ಹಂಗಾಗಿ ಭಾಳ ಮಂದೀವು ಸಾಲಾಗಿ ಇರತಿದ್ವು."

ಹಾಗಾದರೆ ಆಯಿ ಹೇಳಿದ್ದು ಖರೆ. ಸಪ್ನಾ ತಲೆ ತಗ್ಗಿಸಿದಳು.

ದವಡೆ ಕೈಯಿಂದ ಕೈಗೆ ದಾಟಿ ಅವಳ ಹತ್ತಿರ ಬಂತು. ಅವಳು ಹಲ್ಲುಗಳ ಮೇಲೆ ಬೆರಳಾಡಿಸಿದಳು. ಒಂದು, ಎರಡು, ಮೂರು... ಬೆರಳು ನಿಂತಿತು. ಒಂದು ಹಲ್ಲು ಬಾಜೂಕಿನ ಹಲ್ಲಿನ ಮೇಲೆ ಏರಿ ಕೂತಿತ್ತು.

"ಟೀಚರ್, ಇದೊಂದು ಸೊಟ್ಟ ಐತ್ರಿ. ಇವರೂ ಚಾದಾಗ ಬಿಸ್ಕೀಟ್ ಅದ್ದತಿದ್ರೇನ್ರಿ?"

ಕ್ಲಾಸೆಲ್ಲ ನಕ್ಕಿತು. ಟೀಚರೂ ನಕ್ಕರು. "ಆಗ ಬಿಸ್ಕೀಟ್ ಎಲ್ಲೀವು? ಆವಾಗೂ ಕೆಲವರವು ಸೊಟ್ಟ ಇರತಿದ್ವು. ಊಟ ಒಂದ ಕಾರಣ ಅಲ್ಲ. ಹಿರೇರಿಂದನೂ ಬರತೈತಿ, ಮೂಗು ಬಂದಂಗ."

ಹಿರಿಯರಿಂದ? ಯಾರಿಂದ? ಅಪ್ಪನ ಹಲ್ಲು ಸಾಲಾಗಿವೆ. ಅವ್ವನವೂ ಅಷ್ಟೆ. ಮನೆ ಬರುವವರೆಗೂ ಸಪ್ನಾಳ ತಲೆಯಲ್ಲಿ ಅದೇ ಓಡಿತು.

ಅಜ್ಜಿ ರೊಟ್ಟಿ ಬಡಿಯುತ್ತಿದ್ದಳು. ಎರಡೂ ಕೈ ಹಿಟ್ಟಾಗಿದ್ದವು. ಸಪ್ನಾ ಕ್ಲಾಸಿನಲ್ಲಿ ತಾನು ಕೇಳಿದ ಚಹಾ ಬಿಸ್ಕೀಟಿನ ಮಾತು ಹೇಳಿದ್ದೇ ತಡ, ಅಜ್ಜಿಗೆ ನಗು ತಡೆಯಲಾಗಲಿಲ್ಲ. ಸೆರಗು ಹಿಡಿಯಲು ಕೈ ಖಾಲಿ ಇರಲಿಲ್ಲ.

ಬಾಯಿ ಬಿಟ್ಟು ನಕ್ಕರೆ ಮಾತ್ರ ಕಾಣುವ ಮೇಲಿನ ಹಲ್ಲೊಂದು, ಸಪ್ನಾಳ ಹಲ್ಲಿನಂತೆಯೇ, ಬಾಜೂಕಿನದರ ಮೇಲೆ ಏರಿತ್ತು.

"ಆಯಿ, ನಿಂದೂ..."

ಅಜ್ಜಿ ಥಟ್ಟನೆ ತುಟಿ ಮುಚ್ಚಿದಳು. ತಲೆ ಬಗ್ಗಿಸಿ ರೊಟ್ಟಿ ಬಡಿದಳು. "ಯಾರಿಗೂ ಹೇಳಬ್ಯಾಡ. ಸಣ್ಣಾಕಿದ್ದಾಗ ಎಲ್ಲಾರೂ ಆಡಿಕೊಂಡು ನಗತಿದ್ರು."

ಸಪ್ನಾಳಿಗೆ ಸಿಟ್ಟು ಬರಬೇಕಿತ್ತು, ಮೂರು ರೊಟ್ಟಿ ಸುಮ್ಮನೆ ಅಗಿದಿದ್ದಳಲ್ಲ. ಆದರೆ ಪಾಪ ಅನ್ನಿಸಿತು. ಅವಳು ಅಜ್ಜಿಯ ಸೆರಗನ್ನು ಸೊಂಟಕ್ಕೆ ಗಟ್ಟಿಯಾಗಿ ಸಿಗಿಸಿದಳು.

"ಇನ್ನೊಮ್ಮೆ ನಗು ಆಯಿ, ಛಲೋ ಕಾಣತಿ," ಎಂದಳು.

ಸೋಮವಾರ ಫೋಟೋದವನು "ಸ್ಮೈಲ್" ಎಂದಾಗ ಸಪ್ನಾಳ ಕೈ ಬಾಯಿಯತ್ತ ಏರಿತು. ಹಿಟ್ಟಿನ ಕೈಯಲ್ಲಿ ನಗುತ್ತಿದ್ದ ಆಯಿ ನೆನಪಾದಳು.

ಕೈ ಕೆಳಗಿಳಿಯಿತು.