ಗಿಲಕಿ ಅಲುಗಿದಾಗ ನನ್ನನ್ನು ನೋಡಬೇಡಿ

"ನೀವು ಇನ್ನೊಂದು ಸಲ ಬರಬೇಕು" ಎಂದು ಫೋನಿನಲ್ಲಿ ಹೇಳಿದಾಗಲೇ ಆ ಮನುಷ್ಯನ ಮೇಲೆ ನನಗೆ ಅನುಮಾನ ಬಂತು.

ಹೋದ ವಾರವಷ್ಟೇ ಆಸ್ಪತ್ರೆಯಲ್ಲಿ ನನ್ನ ಮಗಳ ಕಿವಿ ಪರೀಕ್ಷೆ ಮಾಡಿ, ಚೆನ್ನಾಗಿ ಕೇಳಿಸುತ್ತದೆ ಎಂದು ಬರೆದುಕೊಟ್ಟಿದ್ದವರು ಅವರೇ. ಗುಬ್ಬಿಗೆ ಎರಡೂವರೆ ವರ್ಷ. ಅಂಗುಳ ಸೀಳಿಕೊಂಡೇ ಹುಟ್ಟಿದವಳು. ವರ್ಷ ತುಂಬುವಷ್ಟರಲ್ಲಿ ಡಾಕ್ಟರು ಹೊಲಿದು ಸರಿಮಾಡಿದ್ದರು. ನಾನು ಟೈಲರ್, ಆ ಹೊಲಿಗೆಯನ್ನು ಮೆಚ್ಚಿಕೊಂಡಿದ್ದೆ. ಅವಳಪ್ಪ ಮಾತ್ರ ಹುಟ್ಟಿದ ಮಗುವಿನ ಬಾಯಿ ನೋಡಿ, "ಒಂದು ವಾರದಲ್ಲಿ ಬರ್ತೀನಿ" ಎಂದು ಹೋದವನು ವಿಚ್ಛೇದನದ ಕಾಗದ ಕಳಿಸಿದ. ಅಂದಿನಿಂದ ಗಂಡಸರ ಮಾತನ್ನು ಬಟ್ಟೆಯ ಹಾಗೆ ಹಿಂದುಮುಂದು ತಿರುಗಿಸಿ ನೋಡುತ್ತೇನೆ.

"ಟೆಸ್ಟ್ ಸರಿಯಾಗಿದ್ರೆ ಮತ್ತೆ ಯಾಕೆ ಕರೀತಾನೆ?" ಕಾಜಾ ಹಾಕುತ್ತಿದ್ದ ಅಕ್ಕ ಸೂಜಿ ನಿಲ್ಲಿಸಿದಳು. "ನೀನು ಒಂಟಿ ಅಂತ ಗೊತ್ತಾಗಿರುತ್ತೆ. ಹುಷಾರು ಕಣೇ. ನಿನ್ನನ್ನ ನೋಡ್ತಿದ್ನಾ?"

"ನನಗೇನು ಗೊತ್ತು!"

ಗೊತ್ತಿತ್ತು. ಹೋದ ವಾರ ಪುಟ್ಟ ಕುರ್ಚಿಯಲ್ಲಿ ಗುಬ್ಬಿ, ಅವಳ ಎದುರಿಗೆ ನಾನು, ಅವಳ ಬೆನ್ನ ಹಿಂದೆ ಅವರು. ಗಿಲಕಿಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಅಲುಗಿಸುತ್ತಿದ್ದರು; ಗುಬ್ಬಿ ಸರಿಯಾಗಿ ಆ ಕಡೆಗೇ ತಿರುಗುತ್ತಿದ್ದಳು. ಅಲುಗಿಸುವಾಗೆಲ್ಲ ಅವರ ಒಂದು ಹುಬ್ಬು ಮಾತ್ರ ಮೇಲೇಳುತ್ತಿತ್ತು. ಸುಳ್ಳು ಯಾಕೆ ಹೇಳಲಿ, ನಾನೂ ಅದನ್ನೇ ನೋಡುತ್ತಿದ್ದೆ. ಕಣ್ಣಿಗೆ ಕಣ್ಣು ಸಿಕ್ಕಾಗ ಅವರು ನಕ್ಕರು. ನಾನು ನಗಬಾರದೆಂದು ತುಟಿ ಕಚ್ಚಿಕೊಂಡೆ.

ಎರಡನೇ ಸಲ ಜಗಳಕ್ಕೆ ಸಿದ್ಧವಾಗಿಯೇ ಹೋದೆ. ಗೋಡೆಗೆಲ್ಲ ದಪ್ಪ ಸ್ಪಂಜು ಹೊದಿಸಿದ ಅದೇ ಕೋಣೆ.

"ಈ ಸಲ ನೀವು ಕಣ್ಣು ಮುಚ್ಚಿಕೊಂಡು ಕೂರಬೇಕು," ಎಂದರು.

ಮೈಯೆಲ್ಲ ಉರಿಯಿತು. "ಯಾಕ್ರೀ? ಪರೀಕ್ಷೆ ಮಗೂಗೋ ನನಗೋ?"

"ಮಗೂಗೇ. ನಮ್ಮ ಹಿರಿಯ ಮೇಡಂ ಒಳಗೆ ಬಂದು ಕೂರ್ತಾರೆ. ಆಗಬಹುದಾ?"

"ಆಗ್ಲೇಬೇಕು!"

ಮೇಡಂ ಬಂದು ಮೂಲೆಯಲ್ಲಿ ಕುಳಿತರು. ನಾನು ಗುಬ್ಬಿಯ ಎರಡೂ ಕೈ ಹಿಡಿದು, ಅರ್ಧ ಕಣ್ಣು ಮುಚ್ಚಿದೆ. ಗಿಲಕಿ ಅಲುಗಿತು, ಗುಬ್ಬಿ ತಿರುಗಿದಳು.

"ಪೂರ್ತಿ ಮುಚ್ಚಿ. ಗಿಲಕಿ ಅಲುಗಿದಾಗ ನನ್ನನ್ನ ನೋಡಬೇಡಿ."

ಸಿಕ್ಕಿಬಿದ್ದೆನಲ್ಲ ಎಂದು ಪೂರ್ತಿ ಮುಚ್ಚಿದೆ. ಬಲಗಡೆ ಗಿಲಕಿಯ ಸದ್ದು. ಗುಬ್ಬಿಯ ಕೈ ಹಾಗೇ ಇತ್ತು. ಎಡಗಡೆ ಸದ್ದು. ಹಾಗೇ ಇತ್ತು. ಇನ್ನೂ ಸ್ವಲ್ಪ ಜೋರಾಗಿ. ಆ ಪುಟ್ಟ ಕೈಗಳು ಅಲುಗಾಡಲೇ ಇಲ್ಲ. ನಾನು ಕಣ್ಣು ಬಿಟ್ಟೆ.

"ಅವಳಿಗೆ ಕೇಳಿಸ್ತಿರಲಿಲ್ಲ," ಎಂದರು ಗಿಲಕಿ ಕೆಳಗಿಟ್ಟು, ಮೆಲ್ಲಗೆ. "ನಿಮ್ಮ ಕಣ್ಣು ಎಲ್ಲಿಗೆ ಹೋಗುತ್ತೋ ಅಲ್ಲಿಗೆ ತಿರುಗ್ತಿದ್ಲು. ಅಂಗುಳ ಸೀಳಿ ಹುಟ್ಟಿದ ಮಕ್ಕಳಲ್ಲಿ ಮೂಗಿನ ಹಿಂದಿನಿಂದ ಕಿವಿಗೆ ಹೋಗೋ ನಳಿಕೆ ಸರಿಯಾಗಿ ತೆರೆಯಲ್ಲ. ಕಿವಿತಮಟೆ ಹಿಂದೆ ಅಂಟು ನೀರು ನಿಂತುಬಿಡುತ್ತೆ. ನೋವೂ ಇರಲ್ಲ ಎಷ್ಟೋ ಸಲ. ಡಾಕ್ಟರು ಆ ನೀರು ತೆಗೆದು, ತಮಟೆಗೆ ಸಣ್ಣ ಟ್ಯೂಬ್ ಹಾಕ್ತಾರೆ, ಸರಿಹೋಗೋ ಸಾಧ್ಯತೆ ತುಂಬಾ ಇದೆ."

ಅಡುಗೆಮನೆಯಿಂದ ಕೂಗಿದರೆ ಬರಲಿಲ್ಲವೆಂದು ಎಷ್ಟು ಸಲ ಗದರಿದ್ದೆ ಇವಳನ್ನು! ಸಂಕಟ ತಡೆಯಲಾಗದೆ ಅವರ ಮೇಲೆಯೇ ಹರಿಹಾಯ್ದೆ. "ಹೋದ ಸಲಾನೇ ಯಾಕೆ ಹೇಳ್ಲಿಲ್ಲ?"

ಅವರ ಮುಖ ಕೆಂಪಾಯಿತು. "ತಪ್ಪು ನಂದು. ಎದುರಿಗೆ ಕೂತೋರು ನನ್ನನ್ನ ನೋಡದ ಹಾಗೆ ನೋಡ್ಕೋಬೇಕು. ಅದು ನಮಗೆ ಮೊದಲ ಪಾಠ. ನೀವು ನೋಡ್ತಿದ್ರಿ, ನಾನು ತಡೀಲಿಲ್ಲ."

"ಯಾಕೆ?"

"ನೋಡ್ತಾ ಇರ್ಲಿ ಅನ್ನಿಸ್ತು."

ಮೂಲೆಯಲ್ಲಿ ಮೇಡಂ ಕೆಮ್ಮಿದರು.

"ಆಮೇಲೆ ಸಮಾಧಾನಾನೇ ಇರ್ಲಿಲ್ಲ. ಮೇಡಂಗೆ ಎಲ್ಲ ಹೇಳಿದೀನಿ. ಇನ್ಮೇಲೆ ಗುಬ್ಬೀನ ಅವರೇ ನೋಡ್ತಾರೆ."

ಸರಿ, ಈತನೂ ಹೊರಟ ಎಂದುಕೊಂಡೆ. "ಅಂದ್ರೆ ನೀವು ಕೈ ತೊಳ್ಕೊಂಡ್ರಿ."

"ಇಲ್ಲ. ಹೊರಗಿನ ಬೆಂಚ್ ಮೇಲೆ ಇರ್ತೀನಿ."

ನಾನು ನಂಬಲಿಲ್ಲ. ಟ್ಯೂಬ್ ಹಾಕಿದ ದಿನ ಬಾಗಿಲ ಸಂದಿಯಿಂದ ಇಣುಕಿದೆ, ಬೆಂಚಿನ ಮೇಲಿದ್ದರು. ಔಷಧಿ ತರುವ ನೆಪದಲ್ಲಿ ಹೋದೆ; ಇದ್ದರು. ಕೊನೆಗೆ ಅಕ್ಕನನ್ನೂ ಕಳಿಸಿ ನೋಡಿಸಿದೆ.

"ಅಲ್ಲೇ ಇದ್ದಾನೆ ಕಣೇ, ಆಕಳಿಸ್ತಾ," ಎಂದಳು. "ಪಾಪ, ಕಾಫಿ ಕೊಡ್ಲಾ?"

"ಏನೂ ಬೇಡ. ಇನ್ನೂ ನೋಡೋಣ."

ತಿಂಗಳಾದ ಮೇಲೆ ಮತ್ತೆ ಪರೀಕ್ಷೆ. ಈ ಸಲ ಗಿಲಕಿ ಮೇಡಂ ಕೈಯಲ್ಲಿ. ಯಾರೂ ಹೇಳದೆಯೇ ಕಣ್ಣು ಬಿಗಿಯಾಗಿ ಮುಚ್ಚಿದೆ. ಗುಬ್ಬಿಯ ಕೈಗಳು ನನ್ನ ಅಂಗೈಯಲ್ಲಿ ಬೆಚ್ಚಗಿದ್ದವು. ಎಡಗಡೆ, ತೀರಾ ಮೆಲ್ಲಗೆ, ಗಿಲಕಿ ಅಲುಗಿತು.

ಎರಡೂ ಕೈ ಎಡಕ್ಕೆ ಜಗ್ಗಿದವು.

ಮೇಡಂ ಮುಂದೆಯೇ ಗೊಳೋ ಎಂದು ಅತ್ತುಬಿಟ್ಟೆ.

ಗುಬ್ಬಿಯನ್ನು ಎತ್ತಿಕೊಂಡು ಹೊರಗೆ ಬಂದೆ. ಅವರು ಬೆಂಚಿನಿಂದ ಎದ್ದರು. ನನ್ನ ಮುಖ ನೋಡುವ ಧೈರ್ಯವಿಲ್ಲದೆ ನೆಲ ನೋಡುತ್ತಲೇ ಕೇಳಿದರು, "ಏನಾಯ್ತು?"

"ತಿರುಗಿದ್ಲು. ನಾನು ಪೂರ್ತಿ ಮುಚ್ಚಿದ್ದೆ."

ಅವರು ಉಸಿರು ಬಿಟ್ಟರು. ತಲೆ ಮಾತ್ರ ಎತ್ತಲಿಲ್ಲ.

"ಈಗ ನೋಡಬಹುದು," ಎಂದೆ.

"ಯಾರನ್ನ?"

"ಅದನ್ನೂ ನಾನೇ ಹೇಳ್ಬೇಕಾ?"

ತಲೆ ಎತ್ತಿದರು. ಅದೇ ಒಂದು ಹುಬ್ಬು ಮೇಲೆದ್ದಿತು. ನಾನು ಈ ಸಲ ತುಟಿ ಕಚ್ಚಿಕೊಳ್ಳದೆ ಕಣ್ತುಂಬ ನೋಡಿದೆ. ಹಳೆಯ ಅಭ್ಯಾಸ ಬಿಡದ ಗುಬ್ಬಿ, ನನ್ನ ಕಣ್ಣು ಹೋದ ಕಡೆಗೆ ತಿರುಗಿ, ಅವರತ್ತ ಕೈ ಚಾಚಿದಳು.